ನೀರು ಬಸಿದ ಗದ್ದೆ

ಅಂಗಳಕ್ಕೆ ಬಂದವರ ಕೈಗೆ ಮೊದಲು ಒಂದು ತಂಬಿಗೆ ನೀರು ಕೊಡುವುದು ಆ ಕಡೆಯ ರೂಢಿ. ಮನೆಯ ಹಿರಿಯಳು ಮುದುಕಮ್ಮ ತಂಬಿಗೆ ತಂದಳು. ಡಾಕ್ಟರ್ ಶಾಂಭವಿಯ ಮುಂದಿನಿಂದಲೇ ದಾಟಿಕೊಂಡು ಹೋಗಿ ಕಾರಿನ ಚಾಲಕನ ಕೈಗೆ ಅದನ್ನು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ನಿಂತಿದ್ದು, ಖಾಲಿ ತಂಬಿಗೆ ತೆಗೆದುಕೊಂಡು ಒಳಗೆ ಹೋದಳು.

ಶಾಂಭವಿಗೆ ಅದರ ಅರ್ಥ ಯಾರೂ ಹೇಳಬೇಕಿರಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಇದೇ ಜಿಲ್ಲೆಯ ಕುಷ್ಟಗಿಯಲ್ಲಿ.

"ಹೈದರಾಬಾದಿನಿಂದ ಸಿದ್ದಾಪುರದ ಮಟ ಬಂದೀರಿ ಅಂದ್ರ ಏನೋ ಮರತು ಹೋಗಿರಬೇಕು," ಎಂದ ಹುಲುಗಪ್ಪ, ಕಟ್ಟೆಯ ಮೇಲಿಂದ ಏಳದೆ. "ಇಲ್ಲಾ ಇನ್ನೂ ಏನಾರ ಒಯ್ಯೋದು ಉಳದಿರಬೇಕು."

"ವೆಂಕೋಬ ಎಲ್ಲಿ ಅದಾನ್ರಿ?"

"ಅದಾನ. ಎಲ್ಲಿ ಹೋಗ್ತಾನ? ಹೋಗೂ ಹಂಗ ಇಟ್ಟೀರೇನು ಅವನ್ನ?"

ವೆಂಕೋಬ ಹುಲುಗಪ್ಪನ ತಮ್ಮ, ಮುದುಕಮ್ಮನ ಕಿರಿಯ ಮಗ. ಭತ್ತ ಕೊಯ್ಯುವ ಯಂತ್ರದ ಚಾಲಕ. ಮೀಸೆ ಮೂಡುವ ಕಾಲದಿಂದಲೂ ಅವನ ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಳು ಬೆಳೆಯುತ್ತಿದ್ದವು. ನೋವು ಬಂದರೆ ಯಂತ್ರವನ್ನು ಗದ್ದೆಯ ನಡುವೆಯೇ ನಿಲ್ಲಿಸಿ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಬದುವಿನ ಮೇಲೆ ಮಲಗಿಬಿಡುತ್ತಿದ್ದ. ಗಂಗಾವತಿ, ಬಳ್ಳಾರಿ, ಹುಬ್ಬಳ್ಳಿ ಸುತ್ತಿ ಕೊನೆಗೆ ಶಾಂಭವಿ ಕೆಲಸ ಮಾಡುವ ಹೈದರಾಬಾದಿನ ಆಸ್ಪತ್ರೆಗೆ ಬಂದಿದ್ದ. ಮಾರ್ಚಿನಲ್ಲಿ ಅವಳು ಆ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದಳು.

ಬರೀ ತೆಗೆದರೆ ನೋವು ಹೋಗುತ್ತದೆ, ಅದರ ಜೊತೆಗೆ ದೇಹದ ಇನ್ಸುಲಿನ್ ಕೂಡ ಹೋಗುತ್ತದೆ. ಆದ್ದರಿಂದ ಅದೇ ದಿನ ಆ ಗ್ರಂಥಿಯನ್ನು ಪ್ರಯೋಗಾಲಯದಲ್ಲಿ ಕರಗಿಸಿ, ಇನ್ಸುಲಿನ್ ತಯಾರಿಸುವ ಐಲೆಟ್ ಎಂಬ ಕೋಶಗಳ ಗೊಂಚಲುಗಳನ್ನಷ್ಟೇ ಬೇರ್ಪಡಿಸಿ, ರಕ್ತನಾಳದ ಮೂಲಕ ವೆಂಕೋಬನದೇ ಯಕೃತ್ತಿಗೆ ಇಳಿಸಿದ್ದರು. ಹೊಸ ಜಾಗದಲ್ಲಿ ಅವು ನೆಲೆಯೂರಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಹೊರಗಿನಿಂದ ಇನ್ಸುಲಿನ್ ಕೊಟ್ಟು ಅವುಗಳ ಮೇಲಿನ ಭಾರ ಇಳಿಸಿರಬೇಕು. ಸಕ್ಕರೆ ಏರಿದರೆ ಅವು ದಣಿಯುತ್ತವೆ. ಏರಿಯೇ ಇದ್ದರೆ ಸಾಯುತ್ತವೆ.

ಹೀಗೆ ಜಾಗ ಬದಲಿಸಿದ ಕೋಶಗಳಲ್ಲಿ ಎಷ್ಟು ಉಳಿಯುತ್ತವೆ ಎಂಬುದೇ ಶಾಂಭವಿಯ ಸಂಶೋಧನೆ. ವೆಂಕೋಬನವು ಅವಳು ಎಣಿಸಿದ್ದಕ್ಕಿಂತ ಚೆನ್ನಾಗಿ ಉಳಿದಿದ್ದವು. ಅವನ ಹೆಂಡತಿ ರೇಣುಕಾದೇವಿ ದಿನಾಲೂ ಸಕ್ಕರೆ ಅಳೆದು ಮೊಬೈಲಿನಲ್ಲಿ ಕಳಿಸುತ್ತಿದ್ದಳು. ಜುಲೈ ಕೊನೆಗೆ ಅದು ನಿಂತಿತು. ಯಾರೂ ಫೋನ್ ಎತ್ತಲಿಲ್ಲ. ಮೂರು ವಾರ ಕಾದು ಶಾಂಭವಿ ತಾನೇ ಹೊರಟು ಬಂದಿದ್ದಳು.

ವೆಂಕೋಬ ಬಾಗಿಲಿಗೆ ಬಂದ. ಅಂಗಿ ಹೆಗಲಿನಿಂದ ಜಾರುತ್ತಿತ್ತು. ತುಟಿ ಒಣಗಿತ್ತು, ಕೈಯಲ್ಲಿ ದೊಡ್ಡ ನೀರಿನ ಬಾಟಲಿ ಇತ್ತು. ಅವಳು ಕೇಳದೆಯೇ ಅವನ ಬೆರಳು ಹಿಡಿದು ಚುಚ್ಚಿ ಮೀಟರಿಗೆ ಹಚ್ಚಿದಳು. ನಾನೂರಾ ಹನ್ನೆರಡು.

"ಇನ್ಸುಲಿನ್ ತಗೊಳ್ಳಾಕತ್ತಿಲ್ಲ ನೀನು."

ವೆಂಕೋಬ ಅಣ್ಣನ ಕಡೆ ನೋಡಿದ.

"ಅವನ್ನ ಏನ್ ಕೇಳ್ತೀರಿ? ನನ್ನ ಕೇಳ್ರಿ," ಎಂದ ಹುಲುಗಪ್ಪ. "ನಿಲ್ಲಿಸಿದಾಂವ ನಾನು. ಮೊದಲು ನಾ ಕೇಳಿದ್ದಕ್ಕ ಜವಾಬು ಕೊಡ್ರಿ. ಇವನ ಹೊಟ್ಟ್ಯಾಗಿಂದ ಕಿತ್ತಿದ್ದನ್ನ ಎಲ್ಲಿ ಮಾರಿದ್ರಿ?"

ಪಕ್ಕದ ಮನೆಗಳ ಬಾಗಿಲಿಗೆ ಒಬ್ಬೊಬ್ಬರೇ ಬಂದು ನಿಂತರು. ಗಿಣಿಗೇರಾದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಲುಗಪ್ಪನ ಅಳಿಯ ಒಂದು ವಿಡಿಯೋ ಕಳಿಸಿದ್ದನಂತೆ. ಅದರಲ್ಲಿ ಹಸಿರು ಗೌನಿನವರು ಬಡವರ ಹೊಟ್ಟೆ ಕೊಯ್ದು, ಒಳಗಿನದನ್ನು ಐಸ್ ಪೆಟ್ಟಿಗೆಯಲ್ಲಿ ಇಟ್ಟು ಓಡುತ್ತಿದ್ದರಂತೆ. ತಮ್ಮನ ಆಪರೇಷನ್ ದಿನ ಅಂಥದೇ ಪೆಟ್ಟಿಗೆ ಆಪರೇಷನ್ ಕೋಣೆಯಿಂದ ಹೊರಗೆ ಹೋದದ್ದನ್ನು ಹುಲುಗಪ್ಪ ಕಣ್ಣಾರೆ ಕಂಡಿದ್ದ.

"ಕಂಡಿದ್ದು ಖರೇ ಐತಿ. ಅದು ಮೇಲಿನ ಮಾಳಿಗಿ ಪ್ರಯೋಗಾಲಯಕ್ಕ ಹೋತು," ಎಂದಳು ಶಾಂಭವಿ. "ಸಂಜಿಗೆ ಕೋಶ ವಾಪಸ್ ಬಂದುವು. ಇವನ ಒಳಗ ಹೋದುವು."

"ಹೋದುವು ಅಂತೀರಿ. ತೋರಸ್ರಿ."

"ಕಣ್ಣಿಗೆ ಕಾಣಂಗಿಲ್ಲ ಅವು."

"ಭಾಳ ಛಲೋ ಆತು. ಕಾಣದ್ದನ್ನ ಕೊಟ್ಟು, ಕಾಣೂದನ್ನ ಒಯ್ದೀರಿ."

ಯಾರೋ ನಕ್ಕರು. ಶಾಂಭವಿಯ ಕಿವಿ ಬಿಸಿಯಾಯಿತು. ಆಪರೇಷನ್ ಕೋಣೆಯಲ್ಲಿ ಅವಳ ಮಾತಿಗೆ ಎರಡು ಮಾತಿರಲಿಲ್ಲ. ಇಲ್ಲಿ ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ ಈ ಮನುಷ್ಯ ಅವಳನ್ನು ಕಳ್ಳಿಯಂತೆ ವಿಚಾರಿಸುತ್ತಿದ್ದ.

"ಕದ್ದಿದ್ರ ಇವ ಈ ಬಾಗಲಾಗ ನಿಂತಿರ್ತಿದ್ದಿಲ್ಲ," ಎಂದಳು. "ಮೂರು ವಾರ ಇನ್ಸುಲಿನ್ ಇಲ್ಲ. ಒಳಗ ಕೋಶ ಇರದಿದ್ರ ಇಷ್ಟೊತ್ತಿಗೆ ಇವ ಸುಡುಗಾಡಿನ್ಯಾಗ ಇರ್ತಿದ್ದ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಮುದುಕಮ್ಮ ಒಳಗಿಂದ ಧಾವಿಸಿ ಬಂದಳು.

"ನಿನ್ನ ನಾಲಗಿ ಸೇದಿ ಹೋಗ್ಲಿ! ನನ್ನ ಅಂಗಳದಾಗ ನಿಂತು ನನ್ನ ಮಗನ್ನ ಸುಡುಗಾಡಿಗೆ ಕಳಸ್ತೀ? ಹಡದೀಯೇನ ನೀನು? ಕೊಯ್ಯಾಕ ಬರತೈತಿ ನಿನಗ, ಅಷ್ಟ!"

"ಯವ್ವಾ, ಸುಮ್ನಿರು," ಎಂದ ವೆಂಕೋಬ, ಮೊದಲ ಸಲ ಬಾಯಿ ಬಿಟ್ಟು.

"ನೀ ಸುಮ್ನಿದ್ದದ್ದಕ್ಕ ಹಿಂಗಾತು," ಎಂದಳು ಅವಳು.

ಗದ್ದಲ ಇಳಿದ ಮೇಲೆ ಶಾಂಭವಿ ಮತ್ತೆ ಕೇಳಿದಳು. "ಹುಲುಗಪ್ಪನವರ, ಇನ್ಸುಲಿನ್ ನಿಲ್ಲಸ್ರಿ ಅಂತ ನಿಮಗ ಯಾರು ಹೇಳಿದ್ರು?"

ಹುಲುಗಪ್ಪ ಈಗ ಎದ್ದ. ಟವೆಲ್ ಹೆಗಲಿಗೆ ಹಾಕಿಕೊಂಡ.

"ನೀವ ಹೇಳಿದ್ರಿ. ಬರ್ರಿ, ತೋರಿಸ್ತೀನಿ. ನಂದು ಕಣ್ಣಿಗೆ ಕಾಣತೈತಿ."

ಗದ್ದೆ ಊರಿಗೆ ಹತ್ತಿರವೇ, ಕಾಲುವೆಯ ಆಚೆ ದಂಡೆಗೆ. ಸುತ್ತಲಿನ ಮಡಿಗಳಲ್ಲಿ ನೀರು ತುಂಬಿ ಆಕಾಶ ಕಾಣುತ್ತಿತ್ತು. ಹುಲುಗಪ್ಪನ ಮಡಿಯಲ್ಲಿ ನೀರಿರಲಿಲ್ಲ. ಬದುವನ್ನು ಒಂದು ಕಡೆ ಕಡಿದು ನೀರೆಲ್ಲ ಬಸಿದು ಬಿಟ್ಟಿದ್ದ. ಕೆಸರು ಗಟ್ಟಿಯಾಗಿ, ಪೈರಿನ ಸಾಲುಗಳ ನಡುವೆ ಕೂದಲೆಳೆಯಂಥ ಬಿರುಕುಗಳು ಎದ್ದಿದ್ದವು. ಪೈರು ಮಾತ್ರ ಪಕ್ಕದ ಮಡಿಗಳಿಗಿಂತ ಕಡು ಹಸಿರಾಗಿತ್ತು.

ಅವನು ಬಗ್ಗಿ ಒಂದು ಬುಡವನ್ನು ಬೇರುಸಮೇತ ಕಿತ್ತು ಅವಳ ಮುಖದ ಹತ್ತಿರ ಹಿಡಿದ. ಬೇರು ಉದ್ದಕ್ಕೆ, ಬಿಳಿಯದಾಗಿ ಇಳಿಬಿದ್ದಿತ್ತು.

"ದವಾಖಾನಿಯಿಂದ ಬಿಡೂ ದಿನ ಏನಂದ್ರಿ? ಇವು ಸಸಿ ಇದ್ದಂಗ, ಸಸಿಮಡಿಯಿಂದ ಕಿತ್ತು ಗದ್ದಿಗೆ ನಾಟಿ ಮಾಡೇವಿ. ಇನ್ಸುಲಿನ್ ನೀರು ಇದ್ದಂಗ. ಬೇರು ಹಿಡಿಯೂ ತನಕ ಗದ್ದ್ಯಾಗ ನೀರು ಇರಬೇಕು. ಅಂದ್ರೋ ಇಲ್ಲೋ?"

"ಅಂದಿದ್ದೆ."

"ಮೂರು ತಿಂಗಳ ಮ್ಯಾಲೆ ತೋರಿಸಾಕ ಬಂದಾಗ ಏನಂದ್ರಿ? ಬೇರು ಹಿಡದಾವ, ಚಿಂತಿ ಬಿಡ್ರಿ ಅಂದ್ರಿ."

"ಅಂದಿದ್ದೆ."

"ಮತ್ತ? ಬೇರು ಹಿಡದ ಮ್ಯಾಲೆ ನೀರು ಬಸೀಬೇಕಲ್ಲ! ನಿಂತ ನೀರಿನ್ಯಾಗ ಬಿಟ್ರ ಬೇರು ಮ್ಯಾಲಮ್ಯಾಲೆ ಉಳಿತಾವ, ಪೈರು ಮೈಗಳ್ಳ ಆಗತೈತಿ. ನೆಲ ಒಣಗಿಸಿದ್ರ ನೀರು ಹುಡುಕ್ಕೊಂತ ಬೇರು ಕೆಳಗ ಇಳಿತಾವ, ಬುಡದಾಗ ಹೊಸಾ ತೆಂಡಿ ಒಡಿತಾವ. ನೆಲ್ಲು ಬೆಳಿಯೂ ಊರಾಗ ಇದು ಯಾರಿಗೆ ಗೊತ್ತಿಲ್ಲ?"

ಶಾಂಭವಿಗೆ ಗೊತ್ತಿರಲಿಲ್ಲ. ಕುಷ್ಟಗಿ ಮಳೆ ನಂಬಿದ ನೆಲ. ಅಲ್ಲಿ ಸಜ್ಜೆ, ಜೋಳವನ್ನು ಕೂರಿಗೆಯಿಂದ ಬಿತ್ತುತ್ತಾರೆ. ಕಿತ್ತು ನಡುವ ಮಾತಿಲ್ಲ. ನಾಟಿಯನ್ನು ಅವಳು ನೋಡಿದ್ದೆಲ್ಲ ಗಂಗಾವತಿಯ ಬಸ್ಸಿನ ಕಿಟಕಿಯಿಂದ: ಬಾಗಿದ ಹೆಂಗಸರು, ನೀರು, ಎಳೆ ಹಸಿರು. ಆ ದಿನ ಮೂರು ಸಲ ವೈದ್ಯರ ಭಾಷೆಯಲ್ಲಿ ಹೇಳಿ, ಇವರ ಮುಖದಲ್ಲಿ ಏನೂ ಕಾಣದೆ, ನಾಲ್ಕನೆಯ ಸಲ ಆ ಕಿಟಕಿಯ ಚಿತ್ರವನ್ನು ಎತ್ತಿಕೊಂಡಿದ್ದಳು. ಹುಲುಗಪ್ಪನ ಮುಖ ಅರಳಿತ್ತು. ಅರ್ಥವಾಯಿತು ಎಂದು ಅವಳು ಎದ್ದು ಬಂದಿದ್ದಳು. ಸಸಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ರೈತನಿಗೆ ಅದರ ಮುಂದಿನ ಅಧ್ಯಾಯಗಳೂ ಬಾಯಿಪಾಠ ಎಂದು ಅವಳಿಗೆ ಹೊಳೆದಿರಲಿಲ್ಲ.

"ನೀರು ಬಸಿದ್ರ ಮೊದಲ ನಾಕು ದಿನ ಪೈರು ಸೊರಗತೈತಿ," ಹುಲುಗಪ್ಪ ಹೇಳುತ್ತಲೇ ಇದ್ದ. "ಅದಕ್ಕ ಸಕ್ಕರಿ ಏರಿದ್ರೂ ನಾ ಹೆದರಲಿಲ್ಲ. ತಡೀರಿ, ಚೇತರಿಸ್ಕೋತೈತಿ ಅಂದೆ. ಚೇತರಿಸ್ಕೊಳ್ಳಲಿಲ್ಲ. ಆವಾಗ ತಿಳೀತು. ನಾಟಿ ಮಾಡಿದ್ರ ಬೆಳೀತಿತ್ತು. ನೀವು ನಾಟಿನ ಮಾಡಿಲ್ಲ."

ತಪ್ಪು ಲೆಕ್ಕ ಒಂದೊಂದು ಹೆಜ್ಜೆಗೂ ಸರಿಯಾಗಿ ಕೂತಿತ್ತು. ಶಾಂಭವಿಗೆ ಸಿಟ್ಟು ಬಂತು.

"ಒಂದು ಮಾತು ಫೋನ್ ಮಾಡಿ ಕೇಳಬಹುದಿತ್ತು."

"ಗದ್ದಿಗೆ ನೀರು ಯಾವಾಗ ಬಿಡಬೇಕು, ಯಾವಾಗ ಕಟ್ಟಬೇಕು ಅಂತ ನಾ ಕುಷ್ಟಗಿಯವರಿಗೆ ಫೋನ್ ಮಾಡಿ ಕೇಳ್ಲೇನು?"

"ಅವು ಸಸಿ ಅಲ್ರಿ. ಒಣಗಿಸಿದ್ರ ಗಟ್ಟಿ ಆಗಂಗಿಲ್ಲ, ಸಾಯ್ತಾವ. ಉಳದಿದ್ದುವೂ ಇವತ್ತು ಸಾಯಾಕತ್ತಾವ. ಈಗಿಂದೀಗ ಇನ್ಸುಲಿನ್ ಶುರು ಮಾಡಬೇಕು."

"ಇಲ್ಲ. ಮೊದಲು ಒಳಗ ಐತೋ ಇಲ್ಲೋ ತೋರಸ್ರಿ. ಆಮ್ಯಾಲೆ ಸೂಜಿ."

ತೋರಿಸಲು ಒಂದೇ ದಾರಿಯಿತ್ತು. ದೇಹ ತಾನೇ ಇನ್ಸುಲಿನ್ ತಯಾರಿಸಿದಾಗ ಅದರ ಜೊತೆಗೆ ಸಿ-ಪೆಪ್ಟೈಡ್ ಎಂಬ ತುಣುಕೂ ರಕ್ತಕ್ಕೆ ಸೇರುತ್ತದೆ. ಸೂಜಿಯ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ರಕ್ತದಲ್ಲಿ ಅದು ಸಿಕ್ಕರೆ ಕೋಶ ಜೀವಂತ. ಶಾಂಭವಿ ಅದನ್ನು ಯಾವ ಹೋಲಿಕೆಯನ್ನೂ ಕೊಡದೆ ವಿವರಿಸಿದಳು. ಹುಲುಗಪ್ಪ ಒಪ್ಪಿದ. ರಕ್ತ ತೆಗೆಯುವವನು ಮಾತ್ರ ತನ್ನವನಾಗಿರಬೇಕು, ಗಂಗಾವತಿಯ ತಾಹೇರ. ಹೈದರಾಬಾದಿನ ಕೈ ಸೀಸೆಗೆ ತಾಗಬಾರದು, ಫಲಿತಾಂಶ ಮೊದಲು ತನಗೇ ಹೇಳಬೇಕು.

ವೆಂಕೋಬನನ್ನು ಕರೆತರಲು ಮನೆಗೆ ಮರಳುವಾಗ ಕಾಲುವೆಯ ದಂಡೆಯ ಮೇಲೆ ಹುಲುಗಪ್ಪ ತಿರುಗಿ ಕೇಳಿದ, "ಖರೇ ಹೇಳ್ರಿ. ಇವನ ಮ್ಯಾಲೆ ಕಕ್ಕುಲಾತಿ ಅಂತ ಬಂದ್ರೋ, ನಿಮ್ಮ ಸಂಶೋಧನಾದಾಗ ಒಂದು ತಲಿ ಕಡಿಮಿ ಆಗತೈತಿ ಅಂತ ಬಂದ್ರೋ?"

ಅವಳು ಅವನನ್ನು ದಾಟಿ ಮುಂದೆ ನಡೆದಳು. ಬರುವ ತಿಂಗಳು ಆ ಸಂಶೋಧನೆಯನ್ನು ಮಂಡಿಸಬೇಕಾದ ದೊಡ್ಡ ಸಮ್ಮೇಳನವಿತ್ತು. ಹೊರಡುವ ಹಿಂದಿನ ದಿನ ಅವಳು ಚಿಂತಿಸಿದ್ದು ಎರಡನ್ನೂ. ಯಾವುದನ್ನು ಮೊದಲು ಎಂದು ಕೇಳಿದ್ದರೆ ಹೇಳುವುದು ಅವಳಿಗೆ ಇಷ್ಟವಾಗುತ್ತಿರಲಿಲ್ಲ.

ತಾಹೇರನ ಲ್ಯಾಬ್ ಅಕ್ಕಿ ಗಿರಣಿಗಳ ರಸ್ತೆಯಲ್ಲಿತ್ತು. ಹೊರಗೆ ಲಾರಿಗಳು ಸಾಲುಗಟ್ಟಿದ್ದವು, ತೌಡಿನ ಧೂಳು ಕಿಟಕಿಯ ಗಾಜಿಗೆ ಅಂಟಿತ್ತು. ಹುಲುಗಪ್ಪನೂ ಡಾಕ್ಟರಮ್ಮನೂ ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಬಂದದ್ದನ್ನು ಕಂಡು ತಾಹೇರ ಕೈ ಮುಗಿದ.

"ನೋಡ್ರಿ ಹುಲುಗಪ್ಪಣ್ಣ, ನನಗ ಬರೂದು ರಕ್ತ. ಅದು ಯಾರ ಪಾರ್ಟಿದು ಅಂತ ನನ್ನ ಮಶೀನು ಕೇಳಂಗಿಲ್ಲ. ಜಗಳ ಏನಿದ್ರೂ ಹೊರಗ ಮಾಡ್ರಿ."

ತಿಂದ ಮೇಲೆ ಕೋಶಗಳು ಕೆಲಸ ಮಾಡುತ್ತವೆಯೇ ಎಂದು ನೋಡಲು ವೆಂಕೋಬನಿಗೆ ಇಡ್ಲಿ ತಿನ್ನಿಸಿ, ಒಂದೂವರೆ ತಾಸು ಕೂರಿಸಿ, ತಾಹೇರ ರಕ್ತ ತೆಗೆದ. ಈ ಪರೀಕ್ಷೆ ಇಲ್ಲಿ ಆಗುವುದಿಲ್ಲ, ರಕ್ತ ಬಳ್ಳಾರಿಗೆ ಹೋಗಬೇಕು, ಫಲಿತಾಂಶ ನಾಳೆ ಎಂದ. ಶಾಂಭವಿ ತಾನು ತಂದಿದ್ದ ಪರೀಕ್ಷಾ ಪಟ್ಟಿಯಿಂದ, ಇನ್ಸುಲಿನ್ ತೀರಿದಾಗ ರಕ್ತ ಕೆಡಿಸುವ ಕೀಟೋನ್ ಮೂತ್ರದಲ್ಲಿ ಇದೆಯೇ ಎಂದೂ ನೋಡಿದಳು. ಸ್ವಲ್ಪವಿತ್ತು. ಇವತ್ತು ಜೀವಕ್ಕೆ ಅಪಾಯವಿಲ್ಲ. ಕೋಶಗಳ ಮಾತು ಬೇರೆ.

"ರಕ್ತ ತೆಗೆದಾತಲ್ಲ," ಎಂದಳು. "ಈಗ ಇನ್ಸುಲಿನ್ ಕೊಡ್ತೀನಿ."

ಹುಲುಗಪ್ಪ ತಮ್ಮನ ಮುಂದೆ ಬಂದು ನಿಂತ. "ನಾಳೆ."

"ಹುಲುಗಪ್ಪಣ್ಣ, ಸೀಸೆ ಬಂದ್ ಆಗೇತಿ," ಎಂದ ತಾಹೇರ. "ಈಗ ಏನ್ ಚುಚ್ಚಿದ್ರೂ ಅದರಾಗ ಹೆಂಗ ಹೋಗ್ತೈತಿ?"

"ಬ್ಯಾಡ ಅಂದ್ರ ಬ್ಯಾಡ."

"ವೆಂಕೋಬ," ಶಾಂಭವಿ ದನಿ ಏರಿಸಿದಳು, "ಹೊಟ್ಟಿ ನಿಂದು. ನಿನ್ನ ಬಾಯಿಂದ ಹೇಳು. ಬೇಕೋ ಬ್ಯಾಡೋ?"

ವೆಂಕೋಬ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ. "ಆ ನೋವಿನ್ಯಾಗ ನನ್ನ ಹೊತ್ಕೊಂಡು ತಿರಗ್ಯಾಡಿದಾಂವ ಅಣ್ಣ. ಅವನ ಮಾತು ಮೀರಿ ನಾ ಏನ್ ಹೇಳಲ್ರಿ?"

ಆಗ, ಗಂಡನ ಜೊತೆ ಬಂದು ಅಲ್ಲಿಯವರೆಗೂ ಬೆಂಚಿನ ತುದಿಯಲ್ಲಿ ಕೂತಿದ್ದ ರೇಣುಕಾದೇವಿ ಕೇಳಿದಳು. ದನಿಯಲ್ಲಿ ಗೌರವವೇನೂ ಇರಲಿಲ್ಲ.

"ಡಾಕ್ಟರಮ್ಮ, ನಾಳೆ ತನಕ ತಡದ್ರ ಎಷ್ಟು ಸಾಯ್ತಾವು?"

ದೊಡ್ಡದೊಂದು ಅಂಕಿ ಹೇಳಿದ್ದರೆ ಆ ಕ್ಷಣವೇ ಗೆಲ್ಲಬಹುದಿತ್ತು. ಶಾಂಭವಿಗೆ ಅದು ಹೊಳೆಯಿತು ಕೂಡ.

"ಗೊತ್ತಿಲ್ಲ," ಎಂದಳು. "ಸಾಯ್ತಾವ ಅನ್ನೂದು ಗೊತ್ತು. ಎಷ್ಟು ಅನ್ನೂದು ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೂ ಮಾತು ನಿಮ್ಮ ಬಾಯಾಗ ಇವತ್ತ ಕೇಳಿದೆ. ಮಾರ್ಚಿನ್ಯಾಗ ಎಲ್ಲಾ ಗೊತ್ತಿತ್ತು ನಿಮಗ."

ರೇಣುಕಾದೇವಿ ಚೀಲದಿಂದ ಚಿಕ್ಕದೊಂದು ಥರ್ಮಾಸ್ ತೆಗೆದಳು. ಅದರೊಳಗೆ ಇನ್ಸುಲಿನ್ ಪೆನ್ ಇತ್ತು. ಹುಲುಗಪ್ಪ ಇದ್ದ ಇನ್ಸುಲಿನ್ ಎಲ್ಲವನ್ನೂ ತಿಪ್ಪೆಗೆ ಎಸೆದಿದ್ದ. ಇದೊಂದನ್ನು ಅವಳು ನೆರೆಮನೆಯ ಲಾಲಬೀಯ ಫ್ರಿಜ್ಜಿನಲ್ಲಿ ಬಚ್ಚಿಟ್ಟಿದ್ದಳು.

"ರೇಣುಕಾ!" ಎಂದ ಹುಲುಗಪ್ಪ.

"ಭಾವಾರ, ಸರೀರಿ. ನೀವು ಗದ್ದಿ ಒಣಗಿಸಿದ್ರಿ, ನಾ ಸುಮ್ನಿದ್ದೆ. ಇವರು ಕತಿ ಕಟ್ಟಿ ಹೇಳಿದ್ರು, ಆವಾಗೂ ಸುಮ್ನಿದ್ದೆ. ದಿನಾ ಬೆರಳು ಚುಚ್ಚಿ ನೋಡಿದಾಕಿ ನಾನು. ನನ್ನ ಯಾರಾರ ಒಂದು ಮಾತು ಕೇಳಿದ್ರೇನು?" ಮತ್ತೆ ಶಾಂಭವಿಯ ಕಡೆ ತಿರುಗಿದಳು. "ಎಷ್ಟು?"

"ಆರು ಯೂನಿಟ್. ಎರಡು ತಾಸಿಗೆ ಮತ್ತ ನೋಡಬೇಕು."

ರೇಣುಕಾದೇವಿ ಹುಲುಗಪ್ಪನ ಪಕ್ಕದಿಂದಲೇ ಬಗ್ಗಿ, ಗಂಡನ ಅಂಗಿ ಎತ್ತಿ, ಹೊಲಿಗೆಯ ಗುರುತಿನಿಂದ ದೂರಕ್ಕೆ ಚರ್ಮ ಹಿಡಿದು ಚುಚ್ಚಿದಳು. ವೆಂಕೋಬ ಅಲುಗಲಿಲ್ಲ. ತಮ್ಮನ ಹೆಂಡತಿಯ ಕೈ ಹಿಡಿದು ತಡೆಯುವುದು ಭಾವನಾದವನಿಗೆ ಆಗದ ಕೆಲಸ. ಹುಲುಗಪ್ಪ ಬಾಗಿಲನ್ನು ದಡಾರನೆ ತೆರೆದು ಲಾರಿಗಳ ನಡುವೆ ನಡೆದುಹೋದ.

ಆ ದಿನ ಶಾಂಭವಿ ಗಂಗಾವತಿಯ ಲಾಡ್ಜೊಂದರಲ್ಲಿ ಉಳಿದಳು. ಮಾರನೆಯ ಮಧ್ಯಾಹ್ನ ತಾಹೇರ ಫೋನ್ ಮಾಡಿದ. ಒಪ್ಪಂದದಂತೆ ಮೊದಲು ಹುಲುಗಪ್ಪನಿಗೆ ಹೇಳು, ಆಮೇಲೆ ನನಗೆ ಎಂದಳು ಅವಳು. ಹೇಳಿ ಆಗೇತ್ರಿ ಎಂದ ಅವನು. ಸಿ-ಪೆಪ್ಟೈಡ್ ಸೊನ್ನೆ ದಶಾಂಶ ಎಂಟು. ಮೂರನೆಯ ತಿಂಗಳಲ್ಲಿ ಅದು ಒಂದು ದಶಾಂಶ ಒಂಬತ್ತು ಇತ್ತು.

ಕೋಶಗಳು ಇದ್ದವು. ಕೆಲಸ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಸಕ್ಕರೆ ತಗ್ಗಿದರೆ ದಣಿದವು ಎದ್ದುಕೊಳ್ಳಬಹುದು, ಸತ್ತವು ಬರುವುದಿಲ್ಲ. ದಣಿದವೆಷ್ಟು, ಸತ್ತವೆಷ್ಟು ಎಂಬುದು ತಿಂಗಳುಗಳ ಮೇಲೆ ಗೊತ್ತಾಗಬೇಕು.

ಅವಳು ಲೆಕ್ಕ ಹಾಕುತ್ತಿದ್ದಂತೆ ಹುಲುಗಪ್ಪನ ಫೋನ್ ಬಂತು.

"ತಾಹೇರ ಹೇಳಿದ. ಅಂದ್ರ, ಒಳಗ ಐತಿ."

"ಐತಿ. ಮೊದಲಿನ ಅರ್ಧನೂ ಇಲ್ಲ."

ಅವನ ಹಿಂದೆ ಗಿರಣಿಯ ಸದ್ದು ಕೇಳಿಸುತ್ತಿತ್ತು.

"ತಪ್ಪು ಯಾರದು?"

"ನೀರು ಬಸಿದದ್ದು ನೀವು."

"ಗದ್ದಿ ಅಂತ ಹೇಳಿದಾರು ಯಾರು?"

"ನಾನು."

"ಮೊದಲು ಅದನ್ನ ಹೇಳಬೇಕಿತ್ತು ನೀವು. ಅಂಗಳದಾಗ, ನಾಕು ಮಂದಿ ಮುಂದ, ನಮ್ಮವ್ವನ ಮುಂದ." ಅವನ ದನಿ ಒಡೆಯಿತು, ಅದನ್ನು ಮುಚ್ಚಲು ಇನ್ನೂ ಗಟ್ಟಿಯಾಗಿ ಮಾತಾಡಿದ. "ಸುಡುಗಾಡು ಅಂದ್ರಿ. ನನ್ನ ಕೈಯಾರೆ ನನ್ನ ತಮ್ಮನ್ನ... ಇನ್ನ ನಮ್ಮ ಮನಿ ಕಡೆ ಬರಬ್ಯಾಡ್ರಿ. ಬಂದ್ರ ಛಲೋ ಇರಂಗಿಲ್ಲ."

ಫೋನ್ ಕೈ ಬದಲಾಯಿತು. ರೇಣುಕಾದೇವಿ ಮಾತಾಡಿದಳು.

"ಕೇಳ್ರಿ. ದಿನಾ ಎಷ್ಟು ಐತಿ ಅಂತ ಕಳಸ್ತೀನಿ. ಎಷ್ಟು ಚುಚ್ಚಬೇಕು ಅಂತ ಕಳಸ್ರಿ. ಅಷ್ಟ. ಸಸಿ, ಬೇರು, ನೀರು ಏನೂ ಬ್ಯಾಡ. ನಿಮ್ಮ ಮ್ಯಾಲೆ ನಂಬಿಕಿ ಬಂತು ಅಂತ ತಿಳೀಬ್ಯಾಡ್ರಿ. ಉಳದಿದ್ದನ್ನ ಉಳಿಸ್ಕೊಬೇಕು."

"ರಕ್ತ ಪರೀಕ್ಷೆಗೆ ಮತ್ತ ಬರಬೇಕಾಗ್ತದ—"

"ತಾಹೇರಣ್ಣ ತೆಗೀತಾನ. ನೀವು ಬ್ಯಾಡ."

ಕಾರು ಕುಷ್ಟಗಿಯ ರಸ್ತೆ ಹಿಡಿಯಿತು. ಭತ್ತದ ಹಸಿರು ಮುಗಿದು, ಕೆಂಪು ನೆಲದ ಮೇಲೆ ಸಜ್ಜೆಯ ಹೊಲಗಳು ಶುರುವಾದವು. ಸಂದೇಶ ಬಂದ ಸದ್ದಾಯಿತು. ನಮಸ್ಕಾರವಿಲ್ಲ, ಹೆಸರಿಲ್ಲ. ೨೮೬ ಎಂದಷ್ಟೇ ಇತ್ತು.

ಶಾಂಭವಿ 'ಇಳಿಯುತ್ತಿದೆ, ಹೀಗೆಯೇ' ಎಂದು ಬರೆಯತೊಡಗಿದಳು. ಅದನ್ನು ಅಳಿಸಿದಳು. ಎಂಟು ಯೂನಿಟ್, ಊಟಕ್ಕೆ ಮುಂಚೆ ಎಂದು ಬರೆದು ಕಳಿಸಿದಳು.

ನೋಡಿದ ಗುರುತು ಕೂಡಲೇ ಮೂಡಿತು. ಉತ್ತರ ಬರಲಿಲ್ಲ.